ತೋಳಿನ ತುದಿಯ ಹಸಿರು ದಾರ

ಜಗಳೂರಿನಿಂದ ವಾಪಸ್ ಬಂದ ಪುಟ್ಟ ಸ್ವೆಟರಿನ ಕುತ್ತಿಗೆಗೆ ಕೆಂಪು ದಾರ ಕಟ್ಟಿದ್ದನ್ನು ನೋಡಿ ನನಗೆ ಮೈಯೆಲ್ಲ ಉರಿಯಿತು.

ನಾನು ಹೆಣೆದದ್ದರಲ್ಲಿ ತಪ್ಪು ಹುಡುಕುವವರು ಆಗ ಹೊನ್ನಾಳಿಯಲ್ಲಿ ಯಾರೂ ಇರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತಿದು. ಹೊನ್ನಾಳಿಯಲ್ಲಿ ನಾನು, ನ್ಯಾಮತಿಯಲ್ಲಿ ನನ್ನ ತಂಗಿ, ಚನ್ನಗಿರಿಯಲ್ಲಿ ನಾದಿನಿ ಗಿರಿಜಾ... ಮೂವರೂ ಕೂಸುಗಳ ಸ್ವೆಟರ್ ಹೆಣೆಯುತ್ತಿದ್ದೆವು.

ಹೊಸ ಡಿಸೈನ್ ಹೊಳೆದರೆ ಗೊಂಬೆಗೆ ಹಾಕುವಷ್ಟು ಚಿಕ್ಕ ಮಾದರಿಯೊಂದನ್ನು ಹೆಣೆದು ಬಸ್ ಕಂಡಕ್ಟರ್ ಕೈಗೆ ಕೊಡುತ್ತಿದ್ದೆವು. ಅದು ಊರೂರು ತಿರುಗಿ, ನೋಡಿದವರೆಲ್ಲ ಅದರಂತೆ ಹೆಣೆದುಕೊಂಡು, ಮತ್ತೆ ನನ್ನ ಹತ್ತಿರ ಬರುತ್ತಿತ್ತು.

ನಿಯಮ ಮಾಡಿದವಳು ನಾನೇ. ಚೀಟಿ ಇಡುವಂತಿಲ್ಲ, ಊರ ಸುದ್ದಿ ಬರೆಯುವಂತಿಲ್ಲ. ಎಲ್ಲಿ ತೊಂದರೆಯಿದೆಯೋ ಅಲ್ಲಿ ಕೆಂಪು ದಾರ ಕಟ್ಟಬೇಕು. ಎಲ್ಲಿ ಇನ್ನೇನೋ ಬೇಕು ಅನಿಸುತ್ತದೋ ಅಲ್ಲಿ ಹಸಿರು.

ತಿದ್ದಿದ ಮೇಲೂ ಆ ದಾರ ಇರಬೇಕು. ಸರಿಬಂತು ಅನಿಸಿದಾಗ ಕಟ್ಟಿದವರೇ ಬಿಚ್ಚಬೇಕು, ಬೇರೆ ಯಾರೂ ಬಿಚ್ಚಬಾರದು.

ಓದು ಬಂದವರಿಗೂ ಬಾರದವರಿಗೂ ಇದೇ ನಿಯಮ. ಅದು ಸರಿ ಎಂದು ಈಗಲೂ ಹೇಳುತ್ತೇನೆ.

ಜಗಳೂರು ನಮ್ಮ ಜೊತೆ ಸೇರಿದ್ದು ಆಮೇಲೆ. ಗಿರಿಜಾಳ ಪಕ್ಕದ ಮನೆಯವರಿಗೆ ಅಲ್ಲಿಗೆ ವರ್ಗವಾದಾಗ ಒಂದು ಮಾದರಿಯೂ ಅವರ ಜೊತೆ ಹೋಯಿತು. ಅವರು ಅದನ್ನು ಅಲ್ಲಿ ಯಾರಿಗೋ ಕೊಟ್ಟರಂತೆ. ಆ ಯಾರೋ ಒಬ್ಬರು ಬಸ್ ಸ್ಟ್ಯಾಂಡಿನ ಹೂವಿನ ಅಂಗಡಿಯಲ್ಲಿ ಇಟ್ಟು ಹೋಗಿದ್ದೇ ಈ ಕೆಂಪು ದಾರದ ಸ್ವೆಟರ್.

ನಾನು ಏನೂ ತಿದ್ದದೆ ಹಾಗೇ ವಾಪಸ್ ಕಳಿಸಿದೆ. ಅದೂ ದಾರದ ಸಮೇತ ಹಾಗೇ ಬಂತು.

"ಅಕ್ಕಾರೆ, ನಿಮ್ಮ ಕುತ್ತಿಗೆ ಮತ್ತೆ ವಾಪಸ್ ಬಂತು ನೋಡ್ರಿ," ಎಂದು ಕಂಡಕ್ಟರ್ ರುದ್ರಣ್ಣ ಬಸ್ಸಿನ ಬಾಗಿಲಲ್ಲೇ ನಕ್ಕ.

"ಹಲ್ಲು ಕಿರೀಬ್ಯಾಡ. ಯಾರದು, ನನಗೆ ಕಲಿಸಾಕೆ ಬರೋರು?"

"ನನಗೇನು ಗೊತ್ರೀ? ದಾವಣಗೆರ್ಯಾಗೆ ಆ ಜಗಳೂರು ಬಸ್ಸಿನೋನು ಹೇಳ್ದ. ಯಾರೋ ಹೆಣ್ಮಗಳು ಕೂಸು ಎತ್ಕಂಡು ಬಂದು ಕೊಟ್ಟು ಹೋಗ್ತಾರಂತೆ. ಆ ಕೂಸಿನ ತಲೆ ಮಾತ್ರ ಭಾರಿ ದೊಡ್ಡದಂತ್ರಿ!"

ತಲೆ...

ಮನೆಗೆ ಬಂದವಳೇ ಸ್ವೆಟರಿನ ಎಡಭುಜ ಬಿಚ್ಚಿ, ಮೂರು ಗುಂಡಿ ಇಟ್ಟೆ. ಎಂಥ ತಲೆಯಾದರೂ ಅಳದೆ ಒಳಗೆ ಹೋಗಬೇಕು, ಹಾಗೆ.

ಈ ಸಲ ವಾಪಸ್ ಬಂದಾಗ ಕೆಂಪು ದಾರ ಇರಲಿಲ್ಲ. ಗುಂಡಿಯ ತೂತಿನಲ್ಲಿ ಒಂದು ಕನಕಾಂಬರ ಸಿಕ್ಕಿಸಿದ್ದರು. ನಿಯಮದಲ್ಲಿ ಹೂವಿನ ಮಾತಿರಲಿಲ್ಲ. ಆದರೂ ಬಾಡಿದ ಆ ಹೂವನ್ನು ಮುಡಿದುಕೊಂಡೆ.

ಆಮೇಲೆ ಅವರೂ ಮಾದರಿ ಕಳಿಸತೊಡಗಿದರು. ಮುಖ ನೋಡಿರಲಿಲ್ಲ, ಹೆಸರು ಗೊತ್ತಿರಲಿಲ್ಲ, ಆದರೆ ಕೈ ಗೊತ್ತಾಯಿತು. ಬಿಗಿಯಾದ ಹೆಣಿಗೆ. ಸಾಲಿನ ಕೊನೆಗೆ ಬಂದಾಗ ಮಾತ್ರ ಒಂದಿಷ್ಟು ಸಡಿಲ... ಕೂಸು ದಾರ ಎಳೆಯುತ್ತಿತ್ತೇನೋ.

ಕಾರಣವಿಲ್ಲದೆ ಬಸ್ ಸ್ಟ್ಯಾಂಡಿಗೆ ಹೋಗಿ ನಿಲ್ಲುವ ಹೆಂಗಸು ನಾನಲ್ಲ. ಆದರೆ ರುದ್ರಣ್ಣನ ಬಸ್ಸು ಬರುವ ಹೊತ್ತಿಗೆ ನನಗೆ ಅಲ್ಲೇ ಹತ್ತಿರ ಏನಾದರೂ ಕೆಲಸ ಹುಟ್ಟಿಕೊಳ್ಳುತ್ತಿತ್ತು.

ಹೀಗೇ ವರ್ಷಗಳು ಕಳೆದವು. ಒಂದು ಸಲ ನನ್ನ ಮಾದರಿಯ ತೋಳಿನ ತುದಿಗೆ, ಮುಂಗೈ ಹತ್ತಿರ, ಹಸಿರು ದಾರ ಕಟ್ಟಿ ಬಂತು.

ಏನು ಬೇಕಿತ್ತು ಅಲ್ಲಿ? ಉದ್ದ ಮಾಡಿ ಕಳಿಸಿದೆ. ಹಸಿರು ದಾರ ಹಾಗೇ ಬಂತು. ಮಡಿಕೆ ಇಟ್ಟು ಕಳಿಸಿದೆ. ಹಾಗೇ ಬಂತು.

"ಬಿಡ್ರಿ ಅತ್ತಿಗೆ ಅತ್ಲಾಗೆ, ಏನು ಬೇಕಂತ ಅವರಿಗೇ ಗೊತ್ತಿಲ್ಲ," ಎಂದಳು ಗಿರಿಜಾ.

"ಗೊತ್ತಿಲ್ದೆ ಹಿಂಗೆ ಕಟ್ತಾರೇನೆ? ತಿಳೀದಿರೋದು ನಮಗೆ."

ತಿಳಿದದ್ದು ನನ್ನ ಮಗನ ಸ್ವೆಟರಿನ ತೋಳು ಗಿಡ್ಡವಾದಾಗ. ಮುಂಗೈ ಕಡೆಯಿಂದ ಬಿಚ್ಚಿ ಉದ್ದ ಮಾಡೋಣವೆಂದರೆ ದಾರ ಬಿಚ್ಚಿಬರಲೊಲ್ಲದು. ಹೆಣಿಗೆ ಬಿಚ್ಚಿಬರುವುದು ಮುಗಿಸಿದ ತುದಿಯಿಂದ ಮಾತ್ರ, ಶುರುಮಾಡಿದ ತುದಿಯಿಂದಲ್ಲ. ನಾವೆಲ್ಲ ತೋಳನ್ನು ಮುಂಗೈಯಿಂದ ಶುರುಮಾಡಿ ಭುಜದಲ್ಲಿ ಮುಗಿಸುತ್ತಿದ್ದೆವು. ಭುಜದಿಂದ ಶುರುಮಾಡಿ ಮುಂಗೈಯಲ್ಲಿ ಮುಗಿಸಿದರೆ, ಮಗು ಬೆಳೆದ ಹಾಗೆ ತುದಿ ಬಿಚ್ಚಿ ಮುಂದಕ್ಕೆ ಹೆಣೆಯಬಹುದು!

ಆ ಕೂಸು ಬೆಳೆಯುತ್ತಿತ್ತು. ಅವರು ಕೇಳಿದ್ದು ಇಷ್ಟೇ.

ಹೊಸ ತೋಳು ಹೆಣೆದು, ಅವರ ಹಸಿರು ದಾರವನ್ನು ಗಂಟು ಬಿಚ್ಚದೆ ಅದರ ತುದಿಗೆ ದಾಟಿಸಿ, ರುದ್ರಣ್ಣನ ಕೈಗೆ ಕೊಟ್ಟೆ. ಮುಂದಿನ ವಾರ ಅವನೇ ಅದನ್ನು ತಂದು ನನ್ನ ಕೈಗಿಟ್ಟ. ಆ ದಿನ ಅವನು ನಗಲಿಲ್ಲ.

"ಹೂವಿನಂಗಡಿ ಎತ್ತಿಬಿಟ್ಟಾರಂತ್ರಿ ಅಕ್ಕಾರೆ. ಯಾರಿಗೆ ಕೊಡಬೇಕು ಅಂತ ಗೊತ್ತಿರೋರು ಅಲ್ಲಿ ಯಾರೂ ಇಲ್ಲ."

ಗಿರಿಜಾಳ ಪಕ್ಕದ ಮನೆಯವರಿಗೆ ಅಷ್ಟರಲ್ಲಿ ಇನ್ನೆಲ್ಲಿಗೋ ವರ್ಗವಾಗಿತ್ತು.

ನಾನೇ ಒಮ್ಮೆ ಜಗಳೂರಿಗೆ ಹೋದೆ. ಯಾಕೆಂದು ಮನೆಯಲ್ಲಿ ಹೇಳಲಿಲ್ಲ, ಕೇಳುವ ಧೈರ್ಯವೂ ಯಾರಿಗೂ ಇರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಹೋಗಿ ಬರುವ ಮಕ್ಕಳ ಎಡಭುಜ ನೋಡಿದ್ದೇ ನೋಡಿದ್ದು.

ಸುಡು ಬೇಸಿಗೆ. ಒಬ್ಬರ ಮೈಮೇಲೂ ಸ್ವೆಟರ್ ಇರಲಿಲ್ಲ.

ನಿನ್ನೆ ಮೊಮ್ಮಗಳು ಕಾವ್ಯ ಫೋನ್ ಹಿಡಿದು ಗೊಣಗುತ್ತಿದ್ದಳು. ಪ್ರೋಗ್ರಾಮಿಂಗ್ ಕಲಿಯುವವರಿಗಾಗಿ ಅವಳು ಒಂದು ಆನ್‌ಲೈನ್ ಗುಂಪು ನಡೆಸುತ್ತಾಳೆ. ಇದು ಸರಿಯಿಲ್ಲ, ಅದನ್ನು ಸೇರಿಸಿ ಎಂದು ಜನ ಅಲ್ಲಿ ಫೀಡ್‌ಬ್ಯಾಕ್ ಹಾಕುತ್ತಲೇ ಇರುತ್ತಾರಂತೆ.

"ಒಬ್ರು ಒಂದನ್ನೇ ಕೇಳ್ತಾ ಕುಂತಾರೆ ಅಜ್ಜಿ. ಏನು ಬೇಕಂತ ನೆಟ್ಟಗೆ ಹೇಳಾಕೂ ಬರಲ್ಲ. ಬ್ಲಾಕ್ ಮಾಡಿಬಿಡ್ಲಾ?"

"ಬ್ಲಾಕು ಗೀಕು ಏನೂ ಬ್ಯಾಡ. ಅವರ ಹೆಸರು ಗೊತ್ತೈತಾ ನಿನಗೆ?"

"ಗೊತ್ತೈತೆ. ಇಲ್ಲೇ ಐತಲ್ಲ."

"ಹಂಗಾದ್ರೆ ನೀನು ಪುಣ್ಯವಂತೆ. ಹೆಸರು ಹಿಡಿದು ಕರೆದು ಕೇಳು."

ಅವಳು ನನ್ನ ಮುಖ ನೋಡಿ, ಮತ್ತೆ ಫೋನಿನಲ್ಲಿ ಏನೋ ಟೈಪ್ ಮಾಡತೊಡಗಿದಳು.

ಆ ಪುಟ್ಟ ಸ್ವೆಟರ್ ಈಗ ನನ್ನ ಮಡಿಲಲ್ಲಿದೆ. ತೋಳಿನ ತುದಿಯಲ್ಲಿ ಹಸಿರು ದಾರ ಹಾಗೇ ಇದೆ. ಅದನ್ನು ಬಿಚ್ಚುವ ಹಕ್ಕು ನನಗಿಲ್ಲ.

ಜಗಳೂರಿನ ಕಡೆಯವರೇ, ನಿಮ್ಮ ಮನೆಯ ಹಳೆ ಟ್ರಂಕಿನಲ್ಲಿ ಎಡಭುಜಕ್ಕೆ ಮೂರು ಗುಂಡಿ ಇರುವ ಕೂಸಿನ ಸ್ವೆಟರ್ ಸಿಕ್ಕರೆ, ಅದನ್ನು ಹೆಣೆದವರ ಹೆಸರೇನೆಂದು ನನಗೆ ಹೇಳುತ್ತೀರಾ?