ಮಡುವಿನಲ್ಲಿ ಮುಳುಗಿಸಿದ ಸಣಬು

ನಾನು ಮದುವೆಯಾಗಿ ಬಂದ ಮನೆಯವರು ಶಹಾಬಾದದ ಹತ್ತಿರ ಕಾಗಿಣಾ ನದಿಯಲ್ಲಿ ಮೀನು ಹಿಡಿಯುವವರು. ರಜಾಕಾರರ ಗಲಾಟೆ ಮುಗಿದು ನಾಲ್ಕೈದು ವರ್ಷವಾಗಿತ್ತು. ಊರ ಕೆಳಗೊಂದು ಆಳವಾದ ಮಡು. ಬೇಸಿಗೆಯಲ್ಲಿ ನದಿ ಬತ್ತಿದರೂ ಅಲ್ಲಿ ನೀರು ನಿಲ್ಲುತ್ತಿತ್ತು, ಮೀನೆಲ್ಲ ಅಲ್ಲಿಗೇ ಬಂದು ಸೇರುತ್ತಿದ್ದವು. ಮಳೆಗಾಲದ ತನಕ ನಮ್ಮ ಮನೆಯ ಒಲೆ ಉರಿಯುತ್ತಿದ್ದುದು ಆ ಮಡುವಿನಿಂದ.

ಆ ವರ್ಷ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯ ಗುತ್ತೇದಾರನೊಬ್ಬ ಬಂಡಿ ದಾಟಿಸಲೆಂದು ಮಡುವಿನ ಮೇಲ್ಗಡೆ ನದಿಗೆ ಅಡ್ಡಲಾಗಿ ಕಲ್ಲಿನ ಚೂರು, ಪುಡಿ ಎಲ್ಲ ಸುರಿಸಿದ. ಸಂಕ್ರಾಂತಿಯ ಹೊತ್ತಿಗೆ ಮಡುವಿಗೆ ಹರಿದು ಬರುವ ನೀರು ನಿಂತೇ ಹೋಯಿತು. ಮಾವ ಚಿತ್ತಾಪುರದ ತಹಶೀಲ ಕಚೇರಿಗೆ ನಡೆದುಕೊಂಡು ಹೋಗಿ, ಉರ್ದುವಿನಲ್ಲಿ ಅರ್ಜಿ ಬರೆಸಿ ಕೊಟ್ಟು ಬಂದರು. ಕಲ್ಲು ತೆಗೆಸಿ ನೀರು ಬಿಡಿಸಬೇಕು, ಅಷ್ಟೇ ಕೇಳಿದ್ದು.

ಕಚೇರಿಯ ಸಾಹೇಬರು ಸ್ಥಳ ನೋಡಲು ಬರುವುದರೊಳಗೆ ನಮ್ಮವರೇ ಒಂದು ಘನಕಾರ್ಯ ಮಾಡಿದರು. ಬಲೆಯ ದಾರಕ್ಕೆ ಸಣಬು ಬೇಕು. ಪ್ರತಿವರ್ಷ ಸಣಬಿನ ಹೊರೆಗಳನ್ನು ಮಡುವಿನಲ್ಲಿ ಮುಳುಗಿಸಿ, ಮೇಲೆ ಕಲ್ಲು ಹೇರಿ, ಗಂಗವ್ವನಿಗೆ ಅರಿಶಿನ ಕುಂಕುಮ ಏರಿಸಿ ಕಾಯಿ ಒಡೆಯುತ್ತಿದ್ದರು. ತೊಗಟೆ ಕೊಳೆತು ನಾರು ಬಿಡುವ ತನಕ ಯಾರೂ ಹೊರೆ ಮುಟ್ಟುವಂತಿಲ್ಲ. ನದಿ ಹರಿಯುತ್ತಿದ್ದಾಗ ಆ ಕೊಳೆಯೂ ಹರಿದು ಹೋಗುತ್ತಿತ್ತು. ಈ ಸಲ ನೀರೇ ಹರಿಯುತ್ತಿಲ್ಲ ಎಂಬುದನ್ನು, ಅದಕ್ಕೆಂದೇ ಅರ್ಜಿ ಕೊಟ್ಟು ಬಂದ ಮಾವನೇ ಮರೆತಿದ್ದರು! ಈಗ ನೆನೆದರೂ ಮೈ ಉರಿಯುತ್ತದೆ.

ಹೊರೆ ಹೊತ್ತು ತಂದವಳು ನಾನೇ. ನಾಲ್ಕನೆಯ ದಿನ ನೀರು ಕರಿ ಚಹಾದಂತಾಯಿತು, ದಂಡೆಗೆ ಹೋದರೆ ಗಬ್ಬುನಾತ. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ನನ್ನ ತವರು ಚಿಂಚೋಳಿ ಕಡೆಯದು. ಅಲ್ಲಿ ಸಣಬು ಕೊಳೆಹಾಕಲು ದಂಡೆಯ ಪಕ್ಕದಲ್ಲಿ ಬೇರೆ ಗುಂಡಿ ತೋಡುತ್ತಿದ್ದರು. ಮಾವನ ಎದುರು ಸೊಸೆ ಮಾತಾಡುವ ಪದ್ಧತಿ ಇರಲಿಲ್ಲ, ಅತ್ತೆಗೆ ಹೇಳಿದೆ.

"ಅತ್ತಿ, ಹೊರಿ ತಗಸ್ರಿ. ಮೀನ ಸಾಯಲಿಕತ್ತಾವ."

"ಗಂಗವ್ವಗ ಕಾಯಿ ಒಡದೀವಿ, ನಡುವ ಹ್ಯಾಂಗ ತಗೀತಾರ? ನಾರೂ ಕಚ್ಚಾ ಉಳಿತದ."

"ಮೀನೇ ಇಲ್ಲಂದ್ರ ನಾರು ತಗೊಂಡು ಏನ್ ಮಾಡ್ತೀರಿ?"

"ನಿನ್ನ ತವರಮನಿ ಶಾಣ್ಯಾತನ ಅಲ್ಲೇ ಇಟ್ಟು ಬಾ. ಮೀನ ಸಾಯೋದು ಆ ಖಣಿ ಕಲ್ಲಿನಿಂದ. ನಿಮ್ಮ ಮಾವ ಅರ್ಜಿ ಕೊಟ್ಟಾರಲ್ಲ."

ಅವರ ಮಾತಿನಲ್ಲಿ ಅರ್ಧ ನಿಜವಿತ್ತು, ಅದೇ ತೊಡಕು. ಪೂರಾ ಸುಳ್ಳಾಗಿದ್ದರೆ ಜಗಳವಾಡಿಯಾದರೂ ಗೆಲ್ಲಬಹುದಿತ್ತು. ಗಂಡನಿಗೆ ಹೇಳಿದರೆ, ಅವ್ವನನ್ನೇ ಕೇಳು ಎಂದು ಎದ್ದು ಹೋದ.

ಏಳನೆಯ ದಿನ ಕಂದಾಯದ ತನಿಖೆ ಮಾಡುವ ಗಿರದಾವರ ಸಾಹೇಬರು ಬಂದರು. ಅಷ್ಟರಲ್ಲಿ ದಂಡೆಯುದ್ದಕ್ಕೂ ಸತ್ತ ಮೀನು ಹೊಟ್ಟೆ ಮೇಲಾಗಿ ಬಿದ್ದಿದ್ದವು. ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದು ಹೊರೆಗಳನ್ನು ನೋಡಿದರು.

"ಈ ಸಣಬು ಯಾರದದ?"

ಮಾವ ನೆಲ ನೋಡುತ್ತ ನಿಂತರು. ಅತ್ತೆ ಸೆರಗು ಸರಿಮಾಡಿಕೊಂಡರು. ಕಲ್ಲಿನ ವಿಷಯ ಯಾರಾದರೂ ಎತ್ತುತ್ತಾರೆಂದು ಕಾದು ಕಾದು ನನಗೆ ತಡೆಯಲಾಗಲಿಲ್ಲ.

"ನಮ್ಮದೇ ರೀ ಸಾಹೇಬ್ರ, ನಾನೇ ಹೊತ್ತು ತಂದೀನಿ. ಆದ್ರ ನೀರು ಹರೀತಿದ್ರ ಇದರಿಂದ ಏನೂ ಆಗ್ತಿದ್ದಿಲ್ಲ. ಆ ಕಲ್ಲು ಬಂದು ನೋಡ್ರಿ, ಇಲ್ಲೇ ಮ್ಯಾಲ ಅವ."

ಅವರು ಬಿಸಿಲು ನೋಡಿದರು, ತಮ್ಮ ಬೂಟು ನೋಡಿಕೊಂಡರು. ಕಲ್ಲಿನ ಕಡೆ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಉರ್ದುವಿನಲ್ಲಿ ಏನೋ ಬರೆದು, "ನೀವು ಹೇಳಿದ್ದೆಲ್ಲ ಬರದೀನಿ, ಹೆಬ್ಬಟ್ಟು ಒತ್ರಿ" ಎಂದರು. ಮಾವ ಒತ್ತಿದರು. ಹೇಳಿಕೆ ಕೊಟ್ಟವಳೆಂದು ನನ್ನದೂ ಒತ್ತಿಸಿಕೊಂಡರು.

ಒಂದು ತಿಂಗಳು ಕಾದೆವು. ಒಂದು ಕಲ್ಲೂ ಅಲುಗಲಿಲ್ಲ. ಗಂಡ ಅದೇ ಖಣಿಗೆ ಕಲ್ಲು ಒಡೆಯಲು ಹೋಗತೊಡಗಿದ. ಅತ್ತೆ ಮಾತ್ರ ನಾರು ಭಾಳ ಚಲೋ ಬಂದಿದೆ ಎಂದು ಓಣಿಯವರಿಗೆಲ್ಲ ತೋರಿಸಿದರು. ಆ ನಾರು ಒಲೆಗೆ ಹಾಕಬೇಕೆನ್ನುವಷ್ಟು ಸಿಟ್ಟು ಬಂದಿತ್ತು ನನಗೆ.

ಮಾವ ಮತ್ತೆ ಚಿತ್ತಾಪುರಕ್ಕೆ ಹೋಗಿ ಸಾಹೇಬರು ಬರೆದ ಆ ಕಾಗದ ಓದಿಸಿಕೊಂಡು ಬಂದರು. ಕಟ್ಟೆಯ ಮೇಲೆ ಕುಳಿತು, ಎಂದೂ ನೇರ ಮಾತಾಡದವರು ನನ್ನನ್ನೇ ಕರೆದರು.

"ಮೀನ ಹಿಡಿಯೋರು ಸಣಬು ಹಾಕಿ ತಾವೇ ನೀರು ಕೆಡಿಸ್ಯಾರ, ಮನಿ ಸೊಸಿನೇ ಒಪ್ಪ್ಯಾಳ ಅಂತ ಬರದಾರವ್ವ. ಕಲ್ಲಿನ ಮಾತೇ ಇಲ್ಲ ಅದರಾಗ." ತಲೆಯ ರುಮಾಲು ಬಿಚ್ಚಿ ಪಕ್ಕಕ್ಕಿಟ್ಟು, "ನೀ ಕಲ್ಲಿಂದೂ ಹೇಳಿದ್ದಿ. ನಾ ಕೇಳೀನಿ" ಎಂದರು.

ಕೇಳಿದ್ದರಂತೆ! ಹಾಗಾದರೆ ಅವತ್ತು ದಂಡೆಯಲ್ಲಿ ನನ್ನ ಹಿಂದೆ ಒಂದೇ ಒಂದು ಮಾತು ಯಾಕೆ ಆಡಲಿಲ್ಲ ಎಂದು ಬಾಯಿತನಕ ಬಂತು. ಸೊಸೆಯಲ್ಲವೇ, ನುಂಗಿಕೊಂಡೆ. ಕುಡಿಯಲು ತಂಬಿಗೆ ನೀರು ಅವರ ಮುಂದಿಟ್ಟು ಒಳಗೆ ಹೋದೆ.