ಶ್ರಾವಣದಲ್ಲಿ ಮೀನಿನ ನಾತ

ಮದ್ದೂರಿನ ನಮ್ಮ ಮನೆಯಲ್ಲಿ ಶ್ರಾವಣ ಬಂತೆಂದರೆ ತಿಂಗಳು ಪೂರ್ತಿ ಬಾಡೂಟವಿಲ್ಲ. ಬಾಡು ಬೇಯಿಸುವ ಪಾತ್ರೆಗಳನ್ನೆಲ್ಲ ಅವ್ವ ಹುಣಸೆಹಣ್ಣು ಹಾಕಿ ತಿಕ್ಕಿ, ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಏರಿಸಿಬಿಡುತ್ತಾಳೆ. ಅಂಥ ಶ್ರಾವಣದ ಎರಡನೇ ವಾರ, ಒಂದು ಬೆಳಿಗ್ಗೆ, ದೇವರ ಮನೆಯ ಬಾಗಿಲಲ್ಲಿ ಮೀನಿನ ವಾಸನೆ ಬಂತು.

ದೀಪ ಹಚ್ಚಲು ಹೋದ ಅವ್ವ ಕಡ್ಡಿ ಗೀರದೆ ಹಾಗೇ ನಿಂತಳು. ಮೂಗು ಮೇಲೆತ್ತಿ ಎರಡು ಸಲ ಉಸಿರೆಳೆದಳು. ಪಕ್ಕದ ಬಚ್ಚಲಿನಿಂದ ನಾನು ಆಗತಾನೆ ಟವೆಲ್ ಸುತ್ತಿಕೊಂಡು ಹೊರಗೆ ಬರುತ್ತಿದ್ದೆ.

"ಎಲ್ ತಿಂದ್ಯಲಾ?" ಅಂದಳು.

"ಏನವ್ವ?"

"ಮೀನು."

ಮನೆಯಲ್ಲಿರುವುದು ಮೂರೇ ಜನ: ಅವ್ವ, ನನ್ನ ಹೆಂಡತಿ, ನಾನು. ಮೀನಿನ ಹುಚ್ಚು ಇರುವುದು ನನಗೊಬ್ಬನಿಗೆ. ಸಾಲದ್ದಕ್ಕೆ ನಾನು ಮೇಷ್ಟ್ರಾಗಿರುವುದು ಮಳವಳ್ಳಿಯಲ್ಲಿ. ಅಲ್ಲಿ ಒಳ್ಳೆ ಹೊಳೆ ಮೀನು ಸಿಗುತ್ತದೆ ಅನ್ನುವುದು ಅವ್ವನಿಗೂ ಗೊತ್ತು.

"ಈಗ್ ತಾನೇ ಸೋಪ್ ಹಾಕ್ಕೊಂಡ್ ಮಿಂದಿದ್ದೀನಿ. ನನ್ ಮೈಯಿಂದ ಹೆಂಗವ್ವ ಬತ್ತದೆ?"

"ಒಟ್ಟೆಗೂ ಸೋಪ್ ಆಕಿದ್ಯೇನ್ಲಾ?"

ಸ್ವಲ್ಪ ಹೊತ್ತಿಗೆ ವಾಸನೆ ತಾನಾಗೇ ಹೋಯಿತು. ಮಾರನೇ ಬೆಳಿಗ್ಗೆ, ನಾನು ಸ್ನಾನ ಮುಗಿಸಿ ಬರುವ ಹೊತ್ತಿಗೆ, ಮತ್ತೆ ಬಂತು.

ಮೂರನೇ ದಿನ ನನ್ನ ಹೆಂಡತಿ ನನ್ನ ಸ್ಕೂಟರಿನ ಡಿಕ್ಕಿ ತೆಗೆಸಿದಳು. ಊಟದ ಡಬ್ಬಿ ಮೂಸಿದಳು. ಕೊನೆಗೆ ನನ್ನ ಬಲಗಾಲಿನ ಶೂ ಎತ್ತಿ ಮೂಸಿ, ನನ್ನನ್ನೇ ಒಂದು ಗಳಿಗೆ ನೋಡಿ, ಅದನ್ನು ಅಂಗಳಕ್ಕೆ ಇಟ್ಟು ಬಂದಳು. ಮರ್ಯಾದೆ ಉಳಿಸಿಕೊಳ್ಳಲು ನಾನೂ ಹುಡುಕಾಟಕ್ಕೆ ಇಳಿದೆ. ಪಕ್ಕದ ಮನೆ ಬೆಕ್ಕು ಏನಾದರೂ ತಂದು ಹಾಕಿರಬಹುದು ಅಂತ ದೇವರ ಪಟಗಳನ್ನೆಲ್ಲ ಸೋಫಾದ ಮೇಲೆ ಸಾಲಾಗಿ ಕೂರಿಸಿ, ಮಣೆ ಸರಿಸಿ, ಮೂಲೆ ಮೂಲೆಗೆ ಟಾರ್ಚ್ ಬಿಟ್ಟೆ. ಒಂದು ಒಣಗಿದ ನಿಂಬೆಹಣ್ಣು ಸಿಕ್ಕಿತು. ಬಚ್ಚಲಿನ ತೂಬಿಗೆ ಒಂದು ಬಾಟಲಿ ಫಿನಾಯಿಲ್ ಸುರಿದೆ. ಮರುದಿನ ಬೆಳಿಗ್ಗೆ, ಯಾರೋ ಫಿನಾಯಿಲ್ ಹಾಕಿ ಮೀನು ಸಾರು ಮಾಡಿದ ಹಾಗಿತ್ತು.

ಶನಿವಾರ ಅವ್ವ ನನ್ನನ್ನು ದೇವರ ಮುಂದೆ ನಿಲ್ಲಿಸಿದಳು. "ದೀಪ ಮುಟ್ಟಿ ಏಳು, ತಿಂದ್ಯೋ ಇಲ್ವೋ."

ದೀಪ ನೋಡಿದ ಕೂಡಲೇ ನನ್ನ ಧೈರ್ಯವೆಲ್ಲ ಕರಗಿತು. ಹೋದ ಮಂಗಳವಾರ ಮಳವಳ್ಳಿಯಲ್ಲಿ ಜೊತೆಯ ಮೇಷ್ಟ್ರೊಬ್ಬರು ಬಲವಂತ ಮಾಡಿದರು ಅಂತ ಎರಡು ತುಂಡು ಹುರಿದ ಮೀನು ತಿಂದದ್ದು ಹೌದು ಅಂದೆ. ಅವ್ವ ನೋಡುತ್ತಲೇ ಇದ್ದಳು. ಮೂರು ತುಂಡು ಅಂದೆ. ಬಲವಂತ ಮಾಡಿದ್ದು ನಾನೇ ಅಂತಲೂ ಬಾಯಿಬಿಟ್ಟೆ.

"ಓಗು, ಮತ್ತೆ ಮಿಂದ್ಕೊಂಡ್ ಬಾ," ಅಂದಳು.

ಮಿಂದು ಬಂದೆ. ವಾಸನೆ ಇನ್ನೂ ಜಾಸ್ತಿಯಾಗಿತ್ತು. ಅರಿಶಿನದ ನೀರಲ್ಲಿ ಮೂರನೇ ಸ್ನಾನ ಮಾಡಿಸಿದಳು. ಆಗಂತೂ ದೇವರ ಮನೆಯಲ್ಲಿ ನಿಲ್ಲಲು ಆಗಲಿಲ್ಲ.

"ಮೂರ್ ತುಂಡ್ಗೆ ಇಷ್ಟೊಂದ್ ನಾತವೇ?" ಅಂತ ಅವ್ವನಿಗೇ ಅನುಮಾನ ಬಂದು, ಬೆಸಗರಹಳ್ಳಿಯಲ್ಲಿದ್ದ ತನ್ನ ತಂಗಿಗೆ ಫೋನ್ ಮಾಡಿದಳು.

ಚಿಕ್ಕವ್ವನ ಮೂಗು ನಮ್ಮ ನೆಂಟರಲ್ಲೆಲ್ಲ ಹೆಸರುವಾಸಿ. ಹಾಲು ಮೂಸಿದರೆ ಬೆಳಗಿನದೋ ಸಂಜೆಯದೋ ಹೇಳುತ್ತಾಳೆ. ಭಾನುವಾರ ಬೆಳಿಗ್ಗೆ ಬಸ್ಸಿಳಿದು ಬಂದವಳು, ಮೊದಲು ಮೈ ತೊಳೆದುಕೊಳ್ಳಬೇಕು ಅಂದಳು. ನನ್ನ ಹೆಂಡತಿ ಗೀಸರ್ ಹಾಕಿದಳು. ಹತ್ತು ನಿಮಿಷಕ್ಕೆ ವಾಸನೆ ಹಾಜರಾಯಿತು.

"ಯಾರೂ ಮಾತಾಡ್ಬ್ಯಾಡಿ," ಅಂದಳು ಚಿಕ್ಕವ್ವ. ಮೊದಲು ನನ್ನ ಹತ್ತಿರ ಬಂದು ತಲೆಯಿಂದ ಕಾಲಿನವರೆಗೂ ಮೂಸಿದಳು. "ಇವ್ನಲ್ಲ ಕಣಕ್ಕ."

ಐದು ದಿನಗಳ ಮೇಲೆ ನಾನು ನೆಟ್ಟಗೆ ಉಸಿರಾಡಿದ್ದು ಆಗಲೇ. ಅವಳು ಗೋಡೆಗೆ ಮೂಗು ತಾಗಿಸಿಕೊಂಡು ದೇವರ ಮನೆ ದಾಟಿ, ಬಚ್ಚಲಿನ ಬಾಗಿಲ ಪಕ್ಕ ಗೀಸರಿನ ಸ್ವಿಚ್ಚಿನ ಮುಂದೆ ನಿಂತಳು.

"ಅಕ್ಕಾ, ಗೋಡೆ ಒಳ್ಗೆ ಮೀನದೆ."

ನನ್ನ ಹೆಂಡತಿ ಬೋರ್ಡಿಗೆ ಬೆರಳು ತಾಗಿಸಿ "ಅಯ್ಯಪ್ಪಾ! ಸುಡ್ತಾ ಅದೆ!" ಅಂತ ಕೈ ಕೊಡವಿದಳು. ನಾನು ಓಡಿ ಹೋಗಿ ಮೇನ್ ಆಫ್ ಮಾಡಿದೆ.

ಮಧ್ಯಾಹ್ನ ಬಂದ ಎಲೆಕ್ಟ್ರಿಷಿಯನ್ ಬೋರ್ಡು ಬಿಚ್ಚಿದ. ಒಳಗಿನ ಸಾಕೆಟ್ಟು ಕಂದುಬಣ್ಣಕ್ಕೆ ತಿರುಗಿ, ಅರ್ಧ ಕರಗಿತ್ತು. ವೈರು ಸಡಿಲವಾಗಿ ಗೀಸರ್ ಹಾಕಿದಾಗಲೆಲ್ಲ ಕಾಯುತ್ತಿತ್ತಂತೆ. ಇಂಥ ಪ್ಲಾಸ್ಟಿಕ್ಕು ಕಾದರೆ ಥೇಟ್ ಮೀನಿನ ವಾಸನೆಯೇ ಬರುತ್ತದಂತೆ. "ಇನ್ನೆರಡ್ ದಿನ ಇಂಗೇ ಬುಟ್ಟಿದ್ರೆ ಬೆಂಕಿ ಅತ್ಕೊಳ್ತಿತ್ತು ಸಾರ್," ಅಂದ.

ಅವ್ವ, ಹೆಂಡತಿ ಇಬ್ಬರೂ ತಣ್ಣೀರಲ್ಲಿ ಮೀಯುವವರು; ದಿನಾ ಗೀಸರ್ ಹಾಕುತ್ತಿದ್ದವನು ನಾನೊಬ್ಬನೇ. ಸುಡುತ್ತಿದ್ದ ವೈರಿನ ಪಕ್ಕದಲ್ಲೇ ನಿಂತು ನಾನು ಒಂದೇ ದಿನ ಮೂರು ಸಲ ಮಿಂದಿದ್ದೆ. ಅವ್ವ ನನ್ನ ಕಡೆ ತಿರುಗಿದಳು. ಒಂದು ಒಳ್ಳೆ ಮಾತಾದರೂ ಹೇಳಬಹುದು ಅಂತ ಕಾದೆ.

"ಆದ್ರೂ ನೀನ್ ತಿಂದಿದ್ದು ದಿಟ ತಾನೆ?" ಅಂದಳು.

ದಪ್ಪ ವೈರು ಎಳೆದು ಹೊಸ ಸಾಕೆಟ್ಟು ಹಾಕುವ ಹೊತ್ತಿಗೆ, ಚಿಕ್ಕವ್ವ ಮನೆಯಲ್ಲಿದ್ದ ಸ್ವಿಚ್ಚುಗಳನ್ನೆಲ್ಲ ಒಂದೊಂದಾಗಿ ಮೂಸಿ ಮುಗಿಸಿದ್ದಳು. ಫ್ರಿಜ್ಜಿನ ಪ್ಲಗ್ಗಿನ ಹತ್ತಿರ ನಿಂತು "ಇಲ್ಲೂ ಒಸಿ ಅದೆ" ಅಂದಳು. ಬಿಚ್ಚಿ ನೋಡಿದರೆ ಒಂದು ಪಿನ್ನು ಕಪ್ಪಗಾಗಿತ್ತು.

ಎಲೆಕ್ಟ್ರಿಷಿಯನ್ ಟೆಸ್ಟರನ್ನು ಜೇಬಿಗಿಟ್ಟು ಕೈಮುಗಿದ. "ಅಮ್ಮಾ, ನನ್ ಜೊತೆ ಕೆಲ್ಸಕ್ ಬಂದ್ಬುಡಿ."

"ಬತ್ತೀನಿ ಕಣಪ್ಪ. ಏಣಿ ಮಾತ್ರ ಅತ್ತಾಕಿಲ್ಲ," ಅಂದಳು ಚಿಕ್ಕವ್ವ.

ಮಾರನೇ ಬೆಳಿಗ್ಗೆ ಅವ್ವ ನನ್ನನ್ನು ಬಚ್ಚಲಿನ ಹೊರಗೇ ನಿಲ್ಲಿಸಿ, ಗೀಸರ್ ಹಾಕಿಸಿ, ಸ್ವಿಚ್ಚಿಗೆ ಮೂಗಿಟ್ಟು ಕಾಲು ಗಂಟೆ ಕಾದಳು. ದೇವರ ಮನೆಯಿಂದ ಊದುಬತ್ತಿಯ ಪರಿಮಳ ಬಿಟ್ಟರೆ ಬೇರೇನೂ ಇರಲಿಲ್ಲ.

"ಓಗು, ಮಿಂದ್ಕೊ. ಇಸ್ಕೂಲ್ಗೆ ಒತ್ತಾಯ್ತದೆ," ಅಂದಳು.