ಕೂಸಿಗೆ ಮುಟ್ಟದ ಕುರ್ರ್

"ಕುರ್‌ರ್‌ರ್..."

ತುಕ್ಕಾನಟ್ಟಿಯ ಹಿಟ್ಟಿನ ಗಿರಣಿಯಲ್ಲಿ ನಿಂತು ಪದ್ಮವ್ವ ಮತ್ತೊಮ್ಮೆ ಕೂಗಿದಳು. ಹುಕ್ಕೇರಿಯಲ್ಲಿ ತಮ್ಮ ಜಿನದತ್ತನ ಮಗಳನ್ನು ತೊಟ್ಟಿಲಿಗೆ ಹಾಕಿದ್ದರು. ಕೂಸಿನ ಕಿವಿಯಲ್ಲಿ ಕುರ್ರ್ ಎಂದು ಕೂಗಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ಅಲ್ಲಿಯ ತನಕ ಆ ಹೆಸರು ಯಾರಿಗೂ ಗೊತ್ತಿರಬಾರದು. ಮದುವೆ ಮನೆಯೊಂದರ ಗೋಧಿ ಬಂದು ಬಿದ್ದಿದ್ದರಿಂದ, ಫೋನಿನಲ್ಲೇ ಹೇಳೆಂಬ ತಮ್ಮನ ಮಾತಿಗೆ ಅವಳು ಒಪ್ಪಿದ್ದಳು.

ಗಂಡ ತೀರಿದ ಮೇಲೆ ಗಿರಣಿ ಅವಳೊಬ್ಬಳದೇ. ಆ ಗದ್ದಲದ ಮೇಲೆ ಕೂಗಿ ಕೂಗಿ ಅವಳ ಪಿಸುಮಾತೂ ಓಣಿಗೆಲ್ಲ ಕೇಳಿಸುತ್ತಿತ್ತು. ಮಕ್ಕಳಿರಲಿಲ್ಲ. ತಮ್ಮನ ಹೆಂಡತಿ ಬಸುರಿಯಾದಾಗಿನಿಂದ ಕೂಸಿಗಿಡುವ ಹೆಸರನ್ನು ಬಾಯೊಳಗೇ ಜೋಪಾನ ಮಾಡಿದ್ದಳು. ಫೋನಿನ ಮೈಕಿನೊಳಗೆ ಹಿಟ್ಟು ಹೊಕ್ಕಿತ್ತು. ಅದಕ್ಕೇ ಜಿನದತ್ತ ತಂತಿಯಿಲ್ಲದ ಈ ಹೆಡ್‌ಸೆಟ್ ಕಳಿಸಿದ್ದ.

"ಅಕ್ಕಾ, ಕುರ್ರ ಅನ್ನೂದ ಕೇಳಸವಲ್ದು. ಗದ್ದಲಾ ಅಂತ ತಿಳದು ಹೆಡ್‌ಸೆಟ್ ಅದನ್ನ ಕತ್ತರಸಾಕತ್ತೈತಿ."

"ನನ್ನ ಕುರ್ರ್ ಗದ್ದಲೇನೋ?"

ಅವಳು ಗಿರಣಿ ನಿಲ್ಲಿಸಿದಳು. ಹಾಡು ಕೇಳುವಾಗ ಜೇನಿನಂತಿರುತ್ತಿದ್ದ ಹೆಡ್‌ಸೆಟ್, ಮಾತಾಡಲು ಮೈಕು ತೆರೆದರೆ ತಗಡಿನ ಡಬ್ಬಿಯಾಗುತ್ತಿತ್ತು. ಅವಳ 'ಸ'ಕಾರವಂತೂ ಆಚೆಗೆ ಮುಟ್ಟುತ್ತಲೇ ಇರಲಿಲ್ಲ.

"ಸುಹಾಸಿನಿ!"

"ಹಾಸಗಿ?" ಎಂದಳು ಕೂಸಿನ ತಾಯಿ ಪ್ರಣಿತಾ. "ಕೂಸಿಗೆ ಹಾಸಗಿ ಅಂತ ಹೆಸರೇನ್ರಿ ಅಕ್ಕಾರ?" ಹೆಂಗಸರ ನಗೆ ಡಬ್ಬಿಯೊಳಗಿನ ಕಲ್ಲಿನಂತೆ ಗಲಗಲಿಸಿತು.

"ಸು! ಹಾ! ಸಿ! ನಿ!"

"ನಮಗ ಕೇಳಿಸ್ತ ಬಿಡ್ರಿ ಪದ್ಮಕ್ಕಾ," ಎಂದ ಗೋಧಿ ತಂದಿದ್ದ ಶೆಟ್ಟೆಪ್ಪ. "ಛಲೋ ಹೆಸರ."

ಪದ್ಮವ್ವನ ಮುಖ ಇಳಿಯಿತು. ಓಣಿಗೆಲ್ಲ ಗೊತ್ತಾಗಿತ್ತು, ಕೂಸಿಗೊಂದನ್ನು ಬಿಟ್ಟು.

"ಮುಹೂರ್ತ ಮೀರತೈತಿ ಅಕ್ಕಾ," ಎಂದ ಜಿನದತ್ತ. "ಹೆಸರು ಮೆಸೇಜ್ ಹಾಕು. ಪ್ರಣಿತಾನ ತಂಗಿ ನಂದಿನಿ ಕಿವ್ಯಾಗ ಹೇಳ್ತಾಳ."

"ಆಕಿ ಹೆಂಗ ಹೇಳ್ತಾಳೋ? ಆಕಿ ಮಾವಶಿ. ಅತ್ತಿ ನಾ!"

"ಏನಂದಿ? ಹತ್ತಿನಾ?"

ಪದ್ಮವ್ವ ಗಿರಣಿ ಮುಚ್ಚಲು ಮೇನ್ ಸ್ವಿಚ್ ಕೆಳಗೆಳೆದಳು. ಹೆಡ್‌ಸೆಟ್ ಕಿತ್ತು ಶೆಟ್ಟೆಪ್ಪನ ಅಂಗೈಯಲ್ಲಿಟ್ಟಳು. ಫೋನು ಗೋಧಿಯ ಡಬ್ಬಿಯ ಮೇಲೆ ಬಿತ್ತು.

"ಪದ್ಮಕ್ಕಾ, ನಮ್ಮ ಗೋದಿ?"

"ಗೋದಿಗೇನ ಹೆಸರ ಇಡೂದೈತೇನ್ರಿ? ನಾಳೆ ಬೀಸ್ತೇನಿ."

ರಸ್ತೆಯಲ್ಲಿ ಹುಕ್ಕೇರಿ ದಾರಿಯ ಘಟಪ್ರಭಾ ಬಸ್ಸಿನ ಹಾರ್ನು ಕೇಳಿಸಿತು. "ಅಕ್ಕಾ? ಹಲೋ? ಹತ್ತಿ ಅಂದ್ರೇನ?" ಜಿನದತ್ತ ಶೆಟ್ಟೆಪ್ಪನ ಅಂಗೈಯಲ್ಲಿ ಜೀರುಂಡೆಯಂತೆ ಕಿರುಗುಟ್ಟುತ್ತಲೇ ಇದ್ದ. ಸೆರಗಿನ ಹಿಟ್ಟು ಝಾಡಿಸುತ್ತ ಪದ್ಮವ್ವ ಬಸ್ಸಿನ ಕಡೆ ನಡೆದುಬಿಟ್ಟಿದ್ದಳು.